ನೀರು ಕಮ್ಮಿ ಇದ್ದ ವರ್ಷ ಯಾರ ಗದ್ದೆ ಒಣಗಬೇಕು?

ಮಳೆ ಚೆನ್ನಾಗಿ ಬಂದ ವರ್ಷ ನೀರಾವರಿ ಇಂಜಿನಿಯರನ್ನು ಯಾರೂ ಮಾತಾಡಿಸುವುದಿಲ್ಲ. ಕೆರೆ ಕೋಡಿ ಬೀಳುತ್ತದೆ, ಶಾಸಕರು ಬಂದು ಬಾಗಿನ ಬಿಡುತ್ತಾರೆ, ನಾವು ಹಿಂದಿನ ಸಾಲಿನಲ್ಲಿ ನಿಂತು ಫೋಟೋಗೆ ಮುಖ ತೋರಿಸುತ್ತೇವೆ. ಅಷ್ಟೇ. ಫೋನು ಬಡಿದುಕೊಳ್ಳುವುದು ಕೆರೆ ಅರ್ಧಕ್ಕೇ ನಿಂತ ವರ್ಷ. ಆಗ ಕೇಳುವ ಪ್ರಶ್ನೆ ಒಂದೇ. ಇರುವ ನೀರು ಎಲ್ಲರಿಗೂ ಸಾಲುವುದಿಲ್ಲ, ಯಾರಿಗೆ ಬಿಡೋದು?

ನೀರಿನ ಆಡಳಿತ ಅಂದರೆ ಅಣೆಕಟ್ಟು, ಕಾಲುವೆ, ಇಷ್ಟು ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ), ಇಷ್ಟು ಎಕರೆ ಅಂತ ಮಾತು ಶುರುವಾಗುತ್ತದೆ. ನೀರು ಹಿಡಿದಿಡುವ ವಿದ್ಯೆಯಲ್ಲಿ ನಮ್ಮ ಹಿರಿಯರು ಯಾರಿಗೂ ಕಮ್ಮಿ ಇರಲಿಲ್ಲ, ಅದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಾನು ನೋಡುವುದು ಬೇರೆಯದನ್ನು. ಕೊರತೆಯ ವರ್ಷಕ್ಕೆ ಆ ವ್ಯವಸ್ಥೆಯಲ್ಲಿ ನಿಯಮ ಇದೆಯಾ? ಅದು ಕೊರತೆ ಬರುವ ಮುಂಚೆಯೇ ಎಲ್ಲರಿಗೂ ಗೊತ್ತಿದೆಯಾ? ಇಲ್ಲ ಅಂದರೆ ಆ ವರ್ಷದ ನೀರು ದೊಡ್ಡ ಪಂಪ್‌ಸೆಟ್ ಇದ್ದವರ ಪಾಲು.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಳೆ ಕೆರೆಗಳ ತೂಬು ನೋಡಿ. ಏರಿಯ ಒಳಬದಿಯಲ್ಲಿ, ನೀರಿನ ನಡುವೆ, ಎರಡು ಕಲ್ಲುಕಂಬ ನಿಂತಿರುತ್ತವೆ. ಕಂಬಗಳ ಮಧ್ಯೆ ಒಂದರ ಕೆಳಗೊಂದು ಅಡ್ಡಗಲ್ಲು, ಪ್ರತಿ ಕಲ್ಲಿಗೂ ನಡುವೆ ಒಂದು ತೂತು. ತೂತುಗಳ ಮೂಲಕ ಉದ್ದನೆಯ ಮರದ ಗಳು ಕೆಳಗಿಳಿದಿರುತ್ತದೆ. ಅದರ ತುದಿಯ ಬಿರಡೆ ತಳದ ಬಾಯಿಗೆ ಕೂರುತ್ತದೆ. ಎತ್ತಿದರೆ ಕಾಲುವೆಗೆ ನೀರು, ಇಳಿಸಿದರೆ ಬಂದ್. ಎಷ್ಟೋ ಕಡೆ ಅದನ್ನು ಎತ್ತಲು ಈಜಿಕೊಂಡೇ ಹೋಗಬೇಕು. ಹೋಗುತ್ತಿದ್ದವನು ನೀರುಗಂಟಿ, ಅಂದರೆ ಊರಿಗೆ ನೀರು ಬಿಡುವ ಕೆಲಸದವನು. ಬೇರೆ ಯಾರೂ ಗಳು ಮುಟ್ಟುವಂತಿರಲಿಲ್ಲ, ಊರ ಗೌಡನೂ ಸೇರಿ.

ಒಬ್ಬ ಹಿರಿಯ ನೀರುಗಂಟಿ ನನಗೆ ತಮ್ಮ ಕೆರೆಯ ಲೆಕ್ಕ ಹೇಳಿಕೊಟ್ಟಿದ್ದರು. ಆ ಅಡ್ಡಗಲ್ಲುಗಳೇ ಅವರ ಅಳತೆಪಟ್ಟಿ. ಮೇಲಿನ ಕಲ್ಲು ಮುಳುಗಿದ್ದರೆ ಇಡೀ ಅಚ್ಚುಕಟ್ಟಿಗೆ, ಅಂದರೆ ಕೆರೆ ನೀರುಣಿಸುವ ಗದ್ದೆಗಳಿಗೆಲ್ಲ, ಭತ್ತ. ನಡುವಿನ ಕಲ್ಲಿಗೆ ನಿಂತಿದ್ದರೆ ಅರ್ಧಕ್ಕೆ ಭತ್ತ, ಉಳಿದದ್ದಕ್ಕೆ ರಾಗಿ, ಅದೂ ಸರದಿ ಮೇಲೆ. ಕೆಳಗಿನ ಕಲ್ಲು ಕಾಣಿಸಿತೋ, ಆ ವರ್ಷ ತೂಬು ಎತ್ತುವ ಮಾತೇ ಇಲ್ಲ, ನೀರು ದನಕರುಗಳಿಗೆ. ಮಳೆ ಮುಗಿದ ಮೇಲೆ ಊರವರು ಕೂತು ಇದನ್ನು ಒಪ್ಪಿಕೊಳ್ಳುತ್ತಿದ್ದರು. ಒಪ್ಪುವ ಮುಂಚೆ ಕೂಗಾಟ ಇರುತ್ತಿತ್ತು ಅನ್ನಿ. ಆದರೆ ನೀರೆಷ್ಟಿದೆ ಅನ್ನುವುದರ ಬಗ್ಗೆ ಕೂಗಾಟ ಇರಲಿಲ್ಲ. ಅದು ಎಲ್ಲರ ಕಣ್ಣಿಗೆ ಕಾಣುತ್ತಿತ್ತಲ್ಲ!

ನನಗೆ ಇದಕ್ಕಿಂತ ಇಷ್ಟವಾದದ್ದು ನೀರುಗಂಟಿಗೆ ಕೂಲಿ ಕೊಡುವ ಪದ್ಧತಿ. ಒಂದಿಷ್ಟು ಇನಾಮು ಜಮೀನು ಇರುತ್ತಿತ್ತು. ಅದರ ಜೊತೆಗೆ ಸುಗ್ಗಿಯಲ್ಲಿ ಪ್ರತಿ ರೈತನ ಕಣದಿಂದ ಕಾಳಿನ ಆಯ. ಅಂದರೆ ಕಾಲುವೆ ಕೊನೆಯ ಗದ್ದೆ ಒಣಗಿದರೆ ನೀರುಗಂಟಿಯ ಮನೆಗೂ ಅಷ್ಟು ಕಾಳು ಕಮ್ಮಿ. ತೂಬಿನ ಪಕ್ಕದ ದೊಡ್ಡ ರೈತನನ್ನು ಮಾತ್ರ ಖುಷಿಯಾಗಿಟ್ಟರೆ ಅವನಿಗೆ ನಷ್ಟ. ರಾತ್ರಿ ಹೊತ್ತು ಮೇಲಿನವರು ಮಡೆ ಒಡೆದು ನೀರು ತಿರುಗಿಸಿಕೊಳ್ಳದಂತೆ ಅವನು ಕಾಲುವೆ ಮೇಲೆ ನಡೆಯುತ್ತಿದ್ದುದು ಸುಮ್ನೆ ಧರ್ಮಕ್ಕಲ್ಲ.

ಹಾಗಂತ ಹಳೆಯದನ್ನೆಲ್ಲ ಹೊಗಳಲು ನನಗೆ ಮನಸ್ಸಿಲ್ಲ. ನೀರುಗಂಟಿಗಳಲ್ಲಿ ಹೆಚ್ಚಿನವರು ದಲಿತರು. ಊರಿನ ನೀರೆಲ್ಲ ಅವರ ಕೈಯಲ್ಲಿ, ಊರಿನ ಬಾವಿ ಮಾತ್ರ ಮುಟ್ಟುವ ಹಾಗಿಲ್ಲ. ಅಚ್ಚುಕಟ್ಟಿನಲ್ಲಿ ಭೂಮಿ ಇಲ್ಲದವರಿಗೆ ಊರ ಸಭೆಯಲ್ಲಿ ಮಾತೂ ಇಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಪಟೇಲ, ಶಾನುಭೋಗ, ತೋಟಿ, ತಳವಾರರ ಜೊತೆ ನೀರುಗಂಟಿಯ ವಂಶಪಾರಂಪರ್ಯ ಹುದ್ದೆಯನ್ನೂ ತೆಗೆಯಿತು. ತೆಗೆಯಬೇಕಾದದ್ದೇ. ಎಡವಟ್ಟಾಗಿದ್ದು ಆಮೇಲೆ. ಹುದ್ದೆ ಹೋಯಿತು, ಕೆಲಸ ಯಾರದು ಅಂತ ಯಾರೂ ಹೇಳಲಿಲ್ಲ. ಕಲ್ಲುತೂಬಿನ ಜಾಗಕ್ಕೆ ಕಬ್ಬಿಣದ ಗೇಟು ಬಂತು, ಅದರ ಕೀ ಯಾರ ಹತ್ತಿರ ಇದೆ ಅಂತ ಕೇಳಿದರೆ ಈಗಲೂ ಎಷ್ಟೋ ಊರುಗಳಲ್ಲಿ ಮುಖ ಮುಖ ನೋಡಿಕೊಳ್ಳುತ್ತಾರೆ. ಅಷ್ಟರಲ್ಲಿ ಬೋರ್‌ವೆಲ್ ಬಂತು. ತನ್ನ ನೀರು ತಾನೇ ಎತ್ತಿಕೊಳ್ಳುವವನಿಗೆ ಸಭೆ ಯಾಕೆ ಬೇಕು?

ಕೊರತೆ ಹಂಚುವ ನಿಯಮಗಳಲ್ಲಿ ಅತ್ಯಂತ ದಿಟ್ಟವಾದದ್ದು ನನಗೆ ಕಂಡಿರುವುದು ಶ್ರೀಲಂಕಾದಲ್ಲಿ. ಅಲ್ಲಿನ ಒಣ ಪ್ರದೇಶದ ಹಳ್ಳಿಗಳೂ ನಮ್ಮ ಹಾಗೆ ಕೆರೆ ನಂಬಿದವು. ಅಲ್ಲಿ ಬೆತ್ಮ ಅಂತ ಒಂದು ಪದ್ಧತಿ ಇದೆ. ಕೆರೆಯಲ್ಲಿ ಮೂರನೇ ಒಂದು ಭಾಗ ಗದ್ದೆಗೆ ಸಾಲುವಷ್ಟೇ ನೀರಿದೆ ಅಂದುಕೊಳ್ಳಿ. ಏರಿಗೆ ಹತ್ತಿರದ ಮೂರನೇ ಒಂದು ಭಾಗವನ್ನು ಮಾತ್ರ ಆರಿಸಿ, ಆ ಹಂಗಾಮಿನ ಮಟ್ಟಿಗೆ ಎಲ್ಲ ರೈತರಿಗೂ ಅವರವರ ಹಿಡುವಳಿಯ ಲೆಕ್ಕದಲ್ಲಿ ತುಂಡು ಮಾಡಿ ಕೊಡುತ್ತಾರೆ. ಕಾಲುವೆ ಕೊನೆಯಲ್ಲಿ ಜಮೀನಿರುವವನು ಆ ವರ್ಷ ತೂಬಿನ ಪಕ್ಕ, ಬೇರೆಯವರ ಗದ್ದೆಯಲ್ಲಿ ನಾಟಿ ಮಾಡುತ್ತಾನೆ. ಬೆಳೆ ಬಂದ ಮೇಲೆ ಭೂಮಿ ಮೊದಲಿನ ಹಾಗೆ ಒಡೆಯನಿಗೆ.

ಇಂಜಿನಿಯರ್ ಕಣ್ಣಿಂದ ನೋಡಿದರೂ ಇದು ಜಾಣ ಲೆಕ್ಕ. ನೀರು ಕಮ್ಮಿ ಇದ್ದಾಗ ಉದ್ದ ಕಾಲುವೆಯಲ್ಲಿ ಹರಿಸಿದರೆ ಮಣ್ಣು ಕುಡಿಯುವುದೇ ಜಾಸ್ತಿ. ಕಾಲುವೆ ಗಿಡ್ಡವಾದಷ್ಟೂ ಬೆಳೆಗೆ ಸಿಗುವ ನೀರು ಹೆಚ್ಚು. ನಾವಾದರೆ ನೀರನ್ನು ಎಲ್ಲರ ಭೂಮಿಗೂ ತಲುಪಿಸಲು ಹೋಗಿ ಅರ್ಧ ಕಳೆದುಕೊಳ್ಳುತ್ತೇವೆ. ಅವರು ಜನರನ್ನೇ ನೀರಿನ ಹತ್ತಿರ ಕರೆತಂದರು. ನಮ್ಮಲ್ಲಿ ಇದನ್ನು ಹೇಳಿದರೆ ರೈತರು ಮೊದಲು ಕೇಳುವುದು ಪಹಣಿ ಬಗ್ಗೆ. ಒಂದು ಹಂಗಾಮಿಗೆ ಬಿಟ್ಟುಕೊಟ್ಟ ಭೂಮಿ ವಾಪಸ್ ಬರುತ್ತದೆ ಅನ್ನುವ ನಂಬಿಕೆ ಇಲ್ಲದ ಕಡೆ ಬೆತ್ಮ ನಡೆಯಲ್ಲ.

ಸ್ಪೇನಿನ ವೆಲೆನ್ಸಿಯಾದಲ್ಲಿ ನೀರಿನ ನ್ಯಾಯಾಲಯ ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಕೆಥೆಡ್ರಲ್ ಬಾಗಿಲ ಮುಂದೆ ಸೇರುತ್ತದೆ. ತುರಿಯಾ ನದಿಯ ಎಂಟು ಕಾಲುವೆಗಳಿಗೆ ಒಬ್ಬೊಬ್ಬರಂತೆ ರೈತರೇ ಆರಿಸಿದ ಪ್ರತಿನಿಧಿಗಳು ಕೂರುತ್ತಾರೆ. ವಕೀಲರಿಲ್ಲ, ಎಲ್ಲ ಬಾಯಿಮಾತಿನಲ್ಲೇ, ತೀರ್ಪು ಅಲ್ಲೇ. ಯುನೆಸ್ಕೋ ಪಟ್ಟಿಗೆ 2009ರಲ್ಲಿ ಸೇರಿದ ಮೇಲೆ ಪ್ರವಾಸಿಗರು ನೋಡುವುದು ಕಪ್ಪು ನಿಲುವಂಗಿಯನ್ನು. ಗಮನಿಸಬೇಕಾದದ್ದು ಅಲ್ಲಿನ ಹಳೆಯ ರೂಢಿಯನ್ನು. ನೀರು ಸಮೃದ್ಧವಾಗಿದ್ದಾಗ ಒಂದು ರೀತಿ, ಬೇಸಿಗೆಯಲ್ಲಿ ಇಳಿದಾಗ ಸರದಿ, ತೀರಾ ಬರ ಬಂದರೆ ಸರದಿಯನ್ನೂ ಬದಿಗಿಟ್ಟು, ಯಾವ ಬೆಳೆ ಸಾಯುವ ಹಂತದಲ್ಲಿದೆಯೋ ಅದಕ್ಕೆ ಮೊದಲು. ಮೂರು ಸ್ಥಿತಿ, ಮೂರು ನಿಯಮ.

ಇನ್ನು ನಮ್ಮ ದೊಡ್ಡ ತಲೆನೋವಿಗೆ ಬರುತ್ತೇನೆ. ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನ ಇದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ಕೆರೆ ಕಟ್ಟಿಸಿದ. ದಿನಕ್ಕೆ ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ಕೆಲಸ. ಒಳ್ಳೆ ಕೆರೆಗೆ ಇರಬೇಕಾದ ಹನ್ನೆರಡು ಅಂಶ, ಇರಬಾರದ ಆರು ದೋಷಗಳನ್ನು ಆ ಕಲ್ಲಿನಲ್ಲಿ ಬರೆಸಿದ್ದಾರೆ. ಏರಿ ಸೋರುವುದು, ಮಣ್ಣು ಚೌಳಾಗಿರುವುದು ಇಂಥವು ದೋಷ ಅನ್ನುವುದು ಯಾರಿಗಾದರೂ ಹೊಳೆಯುತ್ತದೆ. ಉಳಿದವುಗಳಲ್ಲಿ ಎರಡನ್ನು ಓದಿದಾಗ ನಾನು ಪುಟ ತಿರುಗಿಸದೆ ಕೂತೆ. ಒಂದು, ನೀರು ಕಮ್ಮಿ ಇದ್ದು ಅಚ್ಚುಕಟ್ಟು ಜಾಸ್ತಿ ಇರುವುದು. ಇನ್ನೊಂದು, ಎರಡು ರಾಜ್ಯಗಳ ಗಡಿಯಲ್ಲಿರುವುದು.

ಕೆರೆಯಾದರೆ ಜಾಗ ಬದಲಿಸಬಹುದು. ಕಾವೇರಿಯನ್ನು ಎಲ್ಲಿಗೆ ಒಯ್ಯೋಣ?

1892 ಮತ್ತು 1924ರ ಒಪ್ಪಂದಗಳು, 1990ರಲ್ಲಿ ರಚನೆಯಾದ ನ್ಯಾಯಮಂಡಳಿ, 2007ರ ಅಂತಿಮ ತೀರ್ಪು, 2018ರ ಸುಪ್ರೀಂ ಕೋರ್ಟ್ ತೀರ್ಪು, ಇಷ್ಟೆಲ್ಲ ಆದ ಮೇಲೆ ಸಾಧಾರಣ ವರ್ಷದ ಲೆಕ್ಕ ಖಚಿತವಾಗಿದೆ. ಒಟ್ಟು 740 ಟಿಎಂಸಿ. ಅದರಲ್ಲಿ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7. ತಮಿಳುನಾಡು ಗಡಿಯ ಅಳತೆ ಕೇಂದ್ರ ಬಿಳಿಗುಂಡ್ಲುವಿನಲ್ಲಿ ನಾವು ವರ್ಷಕ್ಕೆ 177.25 ಟಿಎಂಸಿ ಹರಿಸಬೇಕು, ಅದೂ ತಿಂಗಳ ಲೆಕ್ಕದಲ್ಲಿ. ಜುಲೈಗೆ 31.24, ಆಗಸ್ಟ್‌ಗೆ 45.95. ದಶಮಾಂಶದ ತನಕ ಬರೆದಿದ್ದಾರೆ. ಸಂಕಷ್ಟದ ವರ್ಷಕ್ಕೆ ಬಂದಾಗ ಮಾತ್ರ, ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ಕಡಿಮೆ ಮಾಡಿ ಅನ್ನುವುದರಲ್ಲೇ ಮುಗಿಯುತ್ತದೆ.

ಕೇಳಲು ನ್ಯಾಯವಾಗಿದೆ. ತೊಡಕು ಎಲ್ಲಿ ಅಂದರೆ, ಪ್ರಮಾಣ ಗೊತ್ತಾಗಬೇಕಾದರೆ ಒಟ್ಟು ಎಷ್ಟು ಅಂತ ಗೊತ್ತಿರಬೇಕು. ಕೊಡಗಿನಲ್ಲಿ ಮುಂಗಾರು ಕೈಕೊಟ್ಟದ್ದು ಆಗಸ್ಟ್‌ನಲ್ಲಿ ಕಾಣುತ್ತದೆ. ತಮಿಳುನಾಡಿಗೆ ಹಿಂಗಾರು ಬರುವುದು ಅಕ್ಟೋಬರ್ ಹೊತ್ತಿಗೆ. ನೀರು ಬಿಡುವ ತೀರ್ಮಾನ ಆಗಸ್ಟ್‌ನಲ್ಲೇ ಆಗಬೇಕು, ಯಾಕೆಂದರೆ ಅಲ್ಲಿ ಬೆಳೆ ನಿಂತಿದೆ, ಇಲ್ಲೂ ನಿಂತಿದೆ. ಕೆರೆಯ ಊರಿನವರು ಮಳೆ ಮುಗಿದ ಮೇಲೆ ಕೂತು, ಕಣ್ಣೆದುರಿನ ನೀರನ್ನು ಹಂಚುತ್ತಿದ್ದರು. ನದಿಯಲ್ಲಿ ಇನ್ನೂ ಬೀಳದ ಮಳೆಯನ್ನು ಹಂಚಬೇಕು. 2023ರಲ್ಲಿ ಆದದ್ದು ಇದೇ. ಹಾರಂಗಿ, ಹೇಮಾವತಿ, ಕೆಆರ್‌ಎಸ್, ಕಬಿನಿಯ ಒಳಹರಿವು ಹಿಂದಿನ 30 ವರ್ಷಗಳ ಸರಾಸರಿಗಿಂತ ಎಷ್ಟು ಕಮ್ಮಿ ಅಂತ ನೋಡಿ ತಮಿಳುನಾಡಿಗೆ 5,000 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಬಿಡಿ ಅಂತ ಆದೇಶ ಬಂತು. ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್.

ಕಷ್ಟದ ವರ್ಷದ ಸೂತ್ರವನ್ನು ಕಷ್ಟದ ವರ್ಷದಲ್ಲಿ ಕೂತು ಬರೆಯಲು ಆಗುವುದಿಲ್ಲ. ಯಾವ ಮುಖ್ಯಮಂತ್ರಿಯೂ ಆಗ ಸಹಿ ಹಾಕಲಾರ. ಬರೆಯಬೇಕಾದದ್ದು 2022, 2024ರಂಥ ವರ್ಷಗಳಲ್ಲಿ, ಜಲಾಶಯ ತುಂಬಿ ಎರಡೂ ಕಡೆ ಮನಸ್ಸು ಹಗುರವಾಗಿದ್ದಾಗ. ಆಗ ನಾವು ಬಾಗಿನದ ಫೋಟೋದಲ್ಲಿ ಇರುತ್ತೇವೆ. ಇನ್ನೊಂದು ಮಾತು, ಮಂಡ್ಯದವರು ಬೇಜಾರು ಮಾಡಿಕೊಳ್ಳಬಾರದು. ರಾಜ್ಯದೊಳಗಿನ ಹಂಚಿಕೆಯೂ ಹೀಗೇ ಇದೆ. ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದಲ್ಲಿ ಭತ್ತ, ಕಬ್ಬು ನಿಂತಿರುವಾಗ ಮಳವಳ್ಳಿ, ಮದ್ದೂರಿನ ಕೊನೆ ಭಾಗದವರು ನೀರಿಗಾಗಿ ರಸ್ತೆಗಿಳಿಯುತ್ತಾರೆ.

ಈಗ ಕೆರೆ ಸಂಘಗಳ ಸಭೆಗೆ ಕರೆದಾಗ ನಾನು ಹೂಳು, ಏರಿಯ ಮಾತು ಬೇಗ ಮುಗಿಸಿ ಮೂರು ವಿಷಯಕ್ಕೆ ಬರುತ್ತೇನೆ. ತೂಬಿನ ಪಕ್ಕ ದಡದಿಂದ ಕಾಣುವ ಹಾಗೆ ಅಳತೆಗಲ್ಲು ನೆಡಿಸಿ. ಯಾವ ಗೆರೆಗೆ ನೀರಿದ್ದರೆ ಎಷ್ಟು ಎಕರೆ, ಯಾವ ಬೆಳೆ, ಯಾವ ಗೆರೆ ಕೆಳಗೆ ಹೋದರೆ ತೂಬು ಬಂದ್ ಅನ್ನುವುದನ್ನು ಕೆರೆ ತುಂಬಿರುವ ವರ್ಷವೇ ಬೈಲಾದಲ್ಲಿ ಬರೆದು ಸಹಿ ಹಾಕಿ. ಗೇಟು ನೋಡಿಕೊಳ್ಳುವವರಿಗೆ ಸಂಬಳ ಕೊಡುವಾಗ ಒಂದು ಪಾಲನ್ನು ಸುಗ್ಗಿ ತನಕ ತಡೆಹಿಡಿದು, ಕಾಲುವೆಯ ಕೊನೇ ಗದ್ದೆಯಲ್ಲಿ ಬೆಳೆ ಕೈಗೆ ಬಂದ ಮೇಲೆ ಕೊಡಿ. ಮೂರನೆಯದಕ್ಕೆ ಮೇಲ್ಭಾಗದ ರೈತರು ತಕರಾರು ತೆಗೆಯುತ್ತಾರೆ. ತೆಗೆದರೆ ಮುಂದಿನ ಸಭೆಗೂ ಅದನ್ನೇ ಮೊದಲ ವಿಷಯವಾಗಿ ಇಡಿ.