ಕಳಿಸಿದ್ದು ಇನ್ನೂ ಹೋಗಿಲ್ಲ

ಮೊನ್ನೆ ಮತ್ತೊಂದು ಬೋರ್ಡ್ ನನ್ನ ಮೇಜಿಗೆ ಬಂತು. ತೋಟದ ಪಂಪ್‌ಸೆಟ್ ಕಂಟ್ರೋಲರ್, 32 ಕೆಬಿ ರ್‍ಯಾಮ್. "ಆಫೀಸಲ್ಲಿ ತಿಂಗಳುಗಟ್ಟಲೆ ಸರಿಯಾಗೇ ಓಡಿತು ಸರ್. ತೋಟದಲ್ಲಿ ಕೂರಿಸಿದ ಮೇಲೆ ಒಂದೇ ರೀಡಿಂಗ್ ಎರಡೆರಡು ಸಲ ಬರುತ್ತೆ, ಇನ್ನೊಂದು ಕಾಣೆ." ಕೋಡ್ ನೋಡುವ ಮೊದಲೇ ಕೇಳಿದೆ, "ಕಾಪಿ ಫ್ಲ್ಯಾಗ್ ತೆಗೆದಿದ್ದೀಯಾ?" ಹುಡುಗ ನಕ್ಕ. ಕಳಿಸುವ ಡೇಟಾದ ನಕಲು ಇಟ್ಟುಕೋ ಅನ್ನುವ ಸೂಚನೆ ಅದು. ರ್‍ಯಾಮ್ ಉಳಿಸೋಕೆ ತೆಗೆದಿದ್ದ.

ಲೈಟ್‌ವೇಟ್ ಐಪಿಯನ್ನು, ಅಂದರೆ ಸಣ್ಣ ಸಾಧನಗಳಿಗೆ ನೆಟ್‌ವರ್ಕ್ ಸಂಪರ್ಕ ಕೊಡುವ ಸಾಫ್ಟ್‌ವೇರನ್ನು, ಚಿಕ್ಕ ಚಿಪ್‌ಗೆ ಇಳಿಸುವವರು ಡ್ರೈವರ್, ಟೈಮರ್ ಎಲ್ಲ ಚೆನ್ನಾಗೇ ಬರೆಯುತ್ತಾರೆ. ಎಡವುವುದು ಇಲ್ಲೇ. ಬರೆಯುವ ಫಂಕ್ಷನ್ 'ಓಕೆ' ಅಂದರೆ ಡೇಟಾ ತಲುಪಿತು ಅಂದುಕೊಳ್ಳುತ್ತಾರೆ. ತಲುಪಿಲ್ಲ ಕಣ್ರೀ! ಸಾಲಿನಲ್ಲಿ ನಿಂತಿದೆ, ಅಷ್ಟೇ. ಆ ಕಡೆಯಿಂದ 'ಸಿಕ್ಕಿತು' ಅನ್ನುವ ಅಕ್ನಾಲೆಜ್‌ಮೆಂಟ್ ಬರದಿದ್ದರೆ ಟಿಸಿಪಿ (ಡೇಟಾ ತಲುಪಿಸುವ ನಿಯಮಾವಳಿ) ಅದೇ ಬೈಟ್‌ಗಳನ್ನು ಮತ್ತೆ ಕಳಿಸಬೇಕು. ಅದೇ ಬೈಟ್‌ಗಳು, ಬೇರೆಯವಲ್ಲ. ವಕೀಲರ ನೋಟಿಸ್ ಕಳಿಸಿದರೆ, ಸಹಿಯಾದ ಕಾರ್ಡ್ ವಾಪಸ್ ಬರುವ ತನಕ ಜೆರಾಕ್ಸ್ ಇಟ್ಟುಕೊಳ್ಳುತ್ತೀರಿ ಅಲ್ವಾ?

ಫ್ಲ್ಯಾಗ್ ಇದ್ದರೆ ಆ ಜೆರಾಕ್ಸ್ ಸ್ಟ್ಯಾಕ್ (ಅದೇ ನೆಟ್‌ವರ್ಕ್ ಸಾಫ್ಟ್‌ವೇರ್) ಬಳಿ ಇರುತ್ತದೆ. ತೆಗೆದರೆ ಅದು ನಿಮ್ಮ ಬಫರನ್ನೇ (ನೀವು ಡೇಟಾ ಇಟ್ಟ ಮೆಮೊರಿ ಜಾಗ) ನಂಬಿ ಕೂರುತ್ತದೆ. ಈ ಹುಡುಗ ಆ ಬಫರಿಗೆ ಸೆಕೆಂಡಿಗೊಮ್ಮೆ ಹೊಸ ರೀಡಿಂಗ್ ಬರೆಯುತ್ತಿದ್ದ. ಆಫೀಸಿನ ಲ್ಯಾನ್‌ನಲ್ಲಿ ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಬರುತ್ತದೆ. ತೋಟದ ಮೊಬೈಲ್ ಸಿಗ್ನಲ್‌ನಲ್ಲಿ ಪ್ಯಾಕೆಟ್ ಕಳೆದುಹೋಗಿ, ಮತ್ತೆ ಕಳಿಸುವ ಹೊತ್ತಿಗೆ ಬಫರಿನಲ್ಲಿ ಬೇರೆ ಸಂಖ್ಯೆ. "ಚೆಕ್‌ಸಮ್ ಹಿಡಿಯಲ್ವಾ ಸರ್?" ಹಿಡಿಯಲ್ಲ. ದಾರಿಯಲ್ಲಿ ಡೇಟಾ ಕೆಟ್ಟಿದೆಯೇ ಅಂತ ನೋಡುವ ಮೊತ್ತ ಅದು. ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದನ್ನು ಕಳಿಸುವಾಗಲೇ ಹೊಸದಾಗಿ ಲೆಕ್ಕ ಹಾಕುತ್ತದೆ. ತಪ್ಪು ಡೇಟಾಕ್ಕೂ ಸರಿಯಾದ ಚೆಕ್‌ಸಮ್!

ಲೈಟ್‌ವೇಟ್ ಐಪಿ ಬರೆದ ಸ್ವೀಡನ್ನಿನ ಆಡಂ ಡಂಕೆಲ್ಸ್ ಅವರದೇ ಮೈಕ್ರೋ ಐಪಿ ಇನ್ನೂ ಜಿಪುಣ. ಅದು ನಕಲು ಇಟ್ಟುಕೊಳ್ಳುವುದೇ ಇಲ್ಲ. ಪ್ಯಾಕೆಟ್ ಕಳೆದರೆ "ಮತ್ತೆ ತಯಾರಿಸಿ ಕೊಡು" ಅಂತ ನಿಮ್ಮ ಪ್ರೋಗ್ರಾಮನ್ನೇ ಕೇಳುತ್ತದೆ. ನಾನೂ ಒಮ್ಮೆ ಆಗ ಸೆನ್ಸರನ್ನು ಹೊಸದಾಗಿ ಓದಿ ಕೊಟ್ಟು ಇದೇ ತಪ್ಪು ಮಾಡಿದ್ದೆ. ಹಾಗಾಗಿ ಹುಡುಗನನ್ನು ಜಾಸ್ತಿ ಬೈಯಲಿಲ್ಲ.

ಫ್ಲ್ಯಾಗ್ ತೆಗೆಯಲೇಬಾರದು ಅಂತ ಹೇಳುತ್ತಿಲ್ಲ. ಫ್ಲ್ಯಾಶ್‌ನಲ್ಲಿ ಬದಲಾಗದೆ ಕೂತಿರುವ ವೆಬ್ ಪುಟಕ್ಕೆ ಅದು ಬೇಕಿಲ್ಲ. ರೀಡಿಂಗ್‌ಗೆ ಮಾತ್ರ ಬೇಕು. ಫ್ಲ್ಯಾಗ್ ಹಾಕಿದ ಮೇಲೆ ಮೆಮೊರಿ ತುಂಬಿ ಬರೆಯುವ ಫಂಕ್ಷನ್ "ಜಾಗ ಇಲ್ಲ" ಅನ್ನಬಹುದು. ಆಗ ಆ ರೀಡಿಂಗನ್ನು ಬಿಸಾಡಬೇಡಿ, ಇಟ್ಟುಕೊಂಡು ಆಮೇಲೆ ಪ್ರಯತ್ನಿಸಿ. ಇನ್ನು, ಅಕ್ನಾಲೆಜ್‌ಮೆಂಟ್ ಬಂದರೂ ಆ ಕಡೆಯ ಟಿಸಿಪಿಗೆ ಸಿಕ್ಕಿದೆ ಅಂತ ಮಾತ್ರ ಅರ್ಥ. ಡೇಟಾಬೇಸ್‌ಗೆ ಸೇರಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಇದನ್ನು ಹೇಳಿದಾಗ ಹುಡುಗನ ಮುಖ ಇನ್ನಷ್ಟು ಸಣ್ಣದಾಯಿತು.