ಒಂದೇ ಮೇಜಿನ ಸುತ್ತ: ಬೆಂಗಳೂರಿನ ಸಿಎಸ್‌ಐ ಸಭೆಗಳ ನಂಬಿಕೆ ರೂಪುಗೊಂಡ ಬಗೆ

ಬೆಂಗಳೂರಿನ ಯಾವುದೇ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ದಕ್ಷಿಣ ಭಾರತ ಸಭೆ) ಚರ್ಚಿನ ನಂಬಿಕೆ, ಧ್ಯೇಯ, ಮೌಲ್ಯಗಳನ್ನು ಕುರಿತು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಚಿಕ್ಕದು. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕ ದೇವರಲ್ಲಿ ವಿಶ್ವಾಸ, ರಕ್ಷಣೆಗೆ ಬೇಕಾದದ್ದೆಲ್ಲ ಸತ್ಯವೇದದಲ್ಲಿದೆ ಎಂಬ ಒಪ್ಪಿಗೆ, ಅಪೊಸ್ತಲರ ಮತ್ತು ನೈಸಿಯ ವಿಶ್ವಾಸ ಪ್ರಮಾಣಗಳು, ದೀಕ್ಷಾಸ್ನಾನ ಮತ್ತು ಪ್ರಭುಭೋಜನ (ಯೇಸುವಿನ ಕೊನೆಯ ಊಟದ ನೆನಪಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು) ಎಂಬ ಎರಡು ಸಂಸ್ಕಾರಗಳು, ಬಿಷಪ್ಪರ ಮೇಲ್ವಿಚಾರಣೆ, ಅದರೊಂದಿಗೆ ಶಿಕ್ಷಣ, ಆರೋಗ್ಯ, ಬಡವರ ಸೇವೆ. ಈ ಮಾತುಗಳನ್ನು ಮೇಲಿಂದ ಮೇಲೆ ಓದಿದವರಿಗೆ ಎಲ್ಲ ಪ್ರೊಟೆಸ್ಟೆಂಟ್ ಸಭೆಗಳೂ ಹೇಳುವ ಮಾತೇ ಎನಿಸಬಹುದು. ಆದರೆ ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ವಾದದ ಚರಿತ್ರೆಯಿದೆ. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಎಂಬ ನಾಲ್ಕು ಬೇರೆ ಬೇರೆ ಸಂಪ್ರದಾಯಗಳ ಜನರು ಸುಮಾರು ಮೂರು ದಶಕ ಕುಳಿತು ಮಾತನಾಡಿ, ಎಲ್ಲಿ ಒಪ್ಪಬಹುದು, ಎಲ್ಲಿ ಒಪ್ಪದೆಯೂ ಜೊತೆಗಿರಬಹುದು ಎಂದು ತೀರ್ಮಾನಿಸಿದ ಫಲವಾಗಿ ಈ ಮಾತುಗಳು ಹುಟ್ಟಿದವು. ಎಲ್ಲ ತಕರಾರುಗಳನ್ನೂ ತೀರಿಸಿಕೊಂಡ ಮೇಲೆ ಒಂದಾಗೋಣ ಎಂದು ಕಾಯದೆ, ಒಂದಾದ ಮೇಲೆ ಉಳಿದ ತಕರಾರುಗಳನ್ನು ತೀರಿಸಿಕೊಳ್ಳೋಣ ಎಂದು ಹೊರಟದ್ದೇ ದಕ್ಷಿಣ ಭಾರತ ಸಭೆಯ ಅತಿ ದೊಡ್ಡ ನಂಬಿಕೆ ಎಂದು ನಾನು ತಿಳಿಯುತ್ತೇನೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರೇ ಎರಡಾಗಿತ್ತು. ಪೇಟೆ ಮೈಸೂರು ಸಂಸ್ಥಾನಕ್ಕೆ ಸೇರಿತ್ತು, ದಂಡು ಬ್ರಿಟಿಷರ ಆಡಳಿತದಲ್ಲಿತ್ತು. ದಂಡಿನ ಸೈನಿಕರಿಗೂ ಅಧಿಕಾರಿಗಳಿಗೂ 1808ರಲ್ಲಿ ಆರಂಭವಾಗಿ 1812ರಲ್ಲಿ ಮುಗಿದ ಸೇಂಟ್ ಮಾರ್ಕ್ಸ್ ಚರ್ಚ್ ಇತ್ತು. ಅದು ಆಂಗ್ಲಿಕನ್ ಸಭೆ, ಅಂದರೆ ಇಂಗ್ಲೆಂಡಿನ ರಾಜಮಾನ್ಯ ಸಭೆ. ಹಿರಿಯರ ಮಂಡಲಿಯ ಆಡಳಿತವನ್ನು ನಂಬುವ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರು ಕಬ್ಬನ್ ರಸ್ತೆಯಲ್ಲಿ 1866ರಲ್ಲಿ ಸೇಂಟ್ ಆಂಡ್ರೂಸ್ ಚರ್ಚ್ ಕಟ್ಟಿಕೊಂಡರು. ಪೇಟೆಯ ಕಡೆ ಕೆಲಸ ಮಾಡಿದವರು ಮುಖ್ಯವಾಗಿ ಲಂಡನ್ ಮಿಷನ್ (ಸ್ಥಳೀಯ ಸಭೆಯೇ ತನ್ನ ಆಡಳಿತ ನಡೆಸಬೇಕೆನ್ನುವ ಕಾಂಗ್ರಿಗೇಷನಲ್ ಸಂಪ್ರದಾಯ) ಮತ್ತು ವೆಸ್ಲಿಯನ್ ಮಿಷನ್ (ಜಾನ್ ವೆಸ್ಲಿಯ ಮೆಥಡಿಸ್ಟ್ ಸಂಪ್ರದಾಯ) ಇವುಗಳವರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚ್ ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅವರ ಹೆಸರನ್ನು ಹೊತ್ತಿದೆ. ಶಾಸನಗಳ ಸಂಗ್ರಹಕ್ಕಾಗಿ ಕನ್ನಡಿಗರು ನೆನೆಯುವ ಬಿ. ಎಲ್. ರೈಸ್ ಅವರ ತಂದೆ ಇವರು. ಕಾರ್ಪೊರೇಷನ್ ಬಳಿಯ ಹಡ್ಸನ್ ಸ್ಮಾರಕ ಚರ್ಚ್ ವೆಸ್ಲಿಯನ್ ಮಿಷನರಿ ಜೋಸಯ್ಯ ಹಡ್ಸನ್ ಅವರ ನೆನಪಿಗಾಗಿ 1904ರಲ್ಲಿ ಎದ್ದ ಕನ್ನಡ ಸಭೆ. ಇವೆಲ್ಲವೂ ಇಂದು ಒಂದೇ ಸಭೆಯ ಅಂಗಗಳು. ಆಗ ಇವುಗಳ ಆರಾಧನೆಯ ಕ್ರಮ ಬೇರೆ, ಆಡಳಿತ ಬೇರೆ, ಬೋಧಕರಿಗೆ ದೀಕ್ಷೆ ಕೊಡುವ ಅಧಿಕಾರ ಯಾರದು ಎಂಬ ತಿಳಿವಳಿಕೆಯೂ ಬೇರೆ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಮಿಷನ್‌ಗಳು ಒಬ್ಬರ ಕ್ಷೇತ್ರದಲ್ಲಿ ಇನ್ನೊಬ್ಬರು ಕೈಹಾಕಬಾರದೆಂದು ತಮ್ಮೊಳಗೆ ಸೀಮೆಗಳನ್ನು ಹಂಚಿಕೊಂಡಿದ್ದವು. ಮೈಸೂರು ಸಂಸ್ಥಾನದ ಬಹುಭಾಗ ವೆಸ್ಲಿಯನ್ನರದು, ಬಳ್ಳಾರಿ ಲಂಡನ್ ಮಿಷನ್ನಿನದು, ಮಂಗಳೂರು ಮತ್ತು ಧಾರವಾಡದ ಕಡೆ ಬಾಸೆಲ್ ಮಿಷನ್ನಿನದು. ಹೀಗಾಗಿ ಒಬ್ಬ ಕನ್ನಡ ಕ್ರೈಸ್ತ ಮೆಥಡಿಸ್ಟನೋ ಕಾಂಗ್ರಿಗೇಷನಲಿಸ್ಟನೋ ಎಂಬುದು ಅವನ ಧರ್ಮಜಿಜ್ಞಾಸೆಯಿಂದ ತೀರ್ಮಾನವಾಗುತ್ತಿರಲಿಲ್ಲ, ಅವನು ಹುಟ್ಟಿದ ಜಿಲ್ಲೆಯಿಂದ ತೀರ್ಮಾನವಾಗುತ್ತಿತ್ತು. ಹಳ್ಳಿಯಲ್ಲಿ ಇದು ತೊಡಕಾಗಲಿಲ್ಲ, ಏಕೆಂದರೆ ಅಲ್ಲಿ ಇದ್ದದ್ದು ಒಂದೇ ಸಭೆ. ಓದಿಗೋ ನೌಕರಿಗೋ ನಗರಕ್ಕೆ ಬಂದವರಿಗೆ ಮಾತ್ರ ನೆರೆಹೊರೆಯವರೊಂದಿಗೆ ಒಂದೇ ದೇವರನ್ನು ಪ್ರಾರ್ಥಿಸಿಯೂ ಒಂದೇ ಪ್ರಭುಭೋಜನದ ಮೇಜಿಗೆ ಹೋಗಲಾಗದ ಸ್ಥಿತಿ ಎದುರಾಯಿತು. ಯುರೋಪಿನ ಹದಿನಾರು, ಹದಿನೇಳು, ಹದಿನೆಂಟನೆಯ ಶತಮಾನದ ಜಗಳಗಳು ತುಮಕೂರಿನವರಿಗೂ ಬಳ್ಳಾರಿಯವರಿಗೂ ನಡುವೆ ಗೋಡೆಯಾಗಿ ನಿಂತದ್ದು ಅಂದಿನ ಭಾರತೀಯ ಬೋಧಕರನ್ನು ನಿಜವಾಗಿ ನೋಯಿಸಿತು.

ಮೊದಲ ಹೆಜ್ಜೆ 1908ರಲ್ಲಿ ಬಿತ್ತು. ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳು ಸೇರಿ ದಕ್ಷಿಣ ಭಾರತ ಸಂಯುಕ್ತ ಸಭೆಯಾದವು. 1910ರಲ್ಲಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಆರಂಭವಾಗಿ, ಬೇರೆ ಬೇರೆ ಮಿಷನ್‌ಗಳ ವಿದ್ಯಾರ್ಥಿಗಳು ಒಂದೇ ತರಗತಿಯಲ್ಲಿ ಕುಳಿತರು. ಸಭೆಗಳು ಒಂದಾಗುವ ಮೊದಲೇ ಸಭಾಪಾಲಕರಾಗುವವರು ಒಟ್ಟಿಗೆ ಓದತೊಡಗಿದ್ದು ಮುಂದಿನ ದಾರಿಗೆ ಬಹಳ ನೆರವಾಗಿರಬೇಕು.

ನಿರ್ಣಾಯಕ ತಿರುವು 1919ರ ಮೇ ತಿಂಗಳದು. ಭಾರತದ ಮೊದಲ ಪ್ರೊಟೆಸ್ಟೆಂಟ್ ಮಿಷನರಿಗಳು ಬಂದಿಳಿದಿದ್ದ ತರಂಗಂಬಾಡಿಯಲ್ಲಿ 33 ಮಂದಿ ಬೋಧಕರು ಸೇರಿದರು. ಇಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಭಾರತೀಯರು. ಅವರ ನಡುವೆ ಮುಂದಾಳಾಗಿ ನಿಂತವರು ವಿ. ಎಸ್. ಅಜರಯ್ಯ. ತಿರುನೆಲ್ವೇಲಿ ಸೀಮೆಯ ಈ ತಮಿಳರು 1912ರಲ್ಲಿ ದೋರ್ನಕಲ್ಲಿನ ಬಿಷಪ್ಪರಾಗಿ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಎನಿಸಿದ್ದರು. ಈ ಒಡಕುಗಳನ್ನು ಮಾಡಿದವರು ನಾವಲ್ಲ, ಹೊರಗಿನಿಂದ ಇವು ನಮ್ಮ ಮೇಲೆ ಬಂದು ಕೂತಿವೆ, ಒಡೆದ ಸಭೆಯು ಸುವಾರ್ತೆಯನ್ನು ಸಾರುವ ಬಲವನ್ನು ಕಳೆದುಕೊಳ್ಳುತ್ತದೆ ಎಂಬುದು ತರಂಗಂಬಾಡಿಯ ಹೇಳಿಕೆಯ ಸಾರ. ಐಕ್ಯ ಮತ್ತು ಸುವಾರ್ತೆ ಎರಡನ್ನೂ ಒಂದೇ ವಿಷಯವಾಗಿ ಕಂಡ ಆ ನೋಟವೇ ಇಂದಿಗೂ ಸಿಎಸ್‌ಐ ಸಭೆಗಳ ಧ್ಯೇಯದ ಬೇರು. ಕಮಲ ಮತ್ತು ಶಿಲುಬೆಯಿರುವ ಅದರ ಲಾಂಛನದ ಸುತ್ತ ಇರುವುದು ಯೋಹಾನನ ಸುವಾರ್ತೆಯಲ್ಲಿ ಯೇಸು ತನ್ನವರೆಲ್ಲರೂ ಒಂದಾಗಿರಲಿ ಎಂದು ಬೇಡಿಕೊಂಡ ಮಾತು.

ಮಾತುಕತೆ ಶುರುವಾಯಿತು, ಆದರೆ ಬೇಗ ಮುಗಿಯಲಿಲ್ಲ. ಸತ್ಯವೇದ, ವಿಶ್ವಾಸ ಪ್ರಮಾಣಗಳು ಮತ್ತು ಎರಡು ಸಂಸ್ಕಾರಗಳ ವಿಷಯದಲ್ಲಿ ಹೆಚ್ಚು ತೊಂದರೆಯಿರಲಿಲ್ಲ. ಗಂಟು ಬಿದ್ದದ್ದು ಬಿಷಪ್ಪರ ವಿಷಯದಲ್ಲಿ. ಯೇಸುವಿನ ಮೊದಲ ಶಿಷ್ಯರಾದ ಅಪೊಸ್ತಲರ ಕಾಲದಿಂದ ಕೈಯಿಂದ ಕೈಗೆ ಬಂದ ಬಿಷಪ್ಪರ ಪರಂಪರೆಯಿಲ್ಲದೆ ಪೂರ್ಣವಾದ ಸಭಾಸೇವೆ ಇಲ್ಲ ಎಂದು ಆಂಗ್ಲಿಕನ್ನರಲ್ಲಿ ಅನೇಕರು ನಂಬಿದ್ದರು. ಮೆಥಡಿಸ್ಟರ ಮತ್ತು ಸಂಯುಕ್ತ ಸಭೆಯ ಬೋಧಕರಿಗೆ ಅಂಥ ಬಿಷಪ್ಪರಿಂದ ದೀಕ್ಷೆ ಆಗಿರಲಿಲ್ಲ. ಅವರಿಗೆ ಮತ್ತೊಮ್ಮೆ ದೀಕ್ಷೆ ಕೊಡಬೇಕೆಂದರೆ, ಅಲ್ಲಿಯವರೆಗೆ ಅವರು ಕೊಟ್ಟ ಸಂಸ್ಕಾರಗಳೆಲ್ಲ ಅರೆಬರೆ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು. ಮೂವತ್ತು ನಲವತ್ತು ವರ್ಷ ಹಳ್ಳಿಹಳ್ಳಿ ಸುತ್ತಿ ಸೇವೆ ಮಾಡಿದ ಬೋಧಕನೊಬ್ಬನಿಗೆ ಇದನ್ನು ಹೇಗೆ ಹೇಳುವುದು?

1929ರಲ್ಲಿ ಐಕ್ಯದ ಯೋಜನೆ ಮೊದಲ ಬಾರಿಗೆ ಅಚ್ಚಾಗಿ ಹೊರಬಂತು. ಮುಂದೆ ಮತ್ತೆ ಮತ್ತೆ ಪರಿಷ್ಕರಣೆಗೊಂಡಿತು. ಕೊನೆಗೆ ಕಂಡುಕೊಂಡ ದಾರಿ ಹೀಗಿತ್ತು. ಒಂದಾಗುವ ದಿನ ಯಾರು ಯಾವ ಸಭೆಯಲ್ಲಿ ಬೋಧಕರಾಗಿದ್ದರೋ ಅವರೆಲ್ಲರೂ ಮರುದೀಕ್ಷೆಯಿಲ್ಲದೆ ಹೊಸ ಸಭೆಯ ಸಭಾಪಾಲಕರಾಗುತ್ತಾರೆ. ಆ ದಿನದಿಂದ ಮುಂದೆ ನಡೆಯುವ ದೀಕ್ಷೆಗಳೆಲ್ಲ ಬಿಷಪ್ಪರ ಕೈಯಿಂದಲೇ ಆಗುತ್ತವೆ. ವಿದೇಶದ ಮಾತೃಸಭೆಗಳಿಂದ ಬರುವ ಬೋಧಕರ ವಿಷಯದಲ್ಲಿ ಮೂವತ್ತು ವರ್ಷಗಳ ನಂತರ ಸಭೆಯೇ ತೀರ್ಮಾನಿಸುತ್ತದೆ. ಅಷ್ಟರಲ್ಲಿ ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಸಭಾಪಾಲಕರನ್ನು ಹೇರುವುದಿಲ್ಲ ಎಂಬ ವಚನವನ್ನೂ ಸೇರಿಸಿದರು. ಬಿಷಪ್ಪರ ಪದವಿಯನ್ನು ಸಂವಿಧಾನಬದ್ಧ ರೂಪದಲ್ಲಿ ಒಪ್ಪಿದರು. ಅದರ ಅರ್ಥವೇನೆಂಬುದಕ್ಕೆ ಒಂದೇ ವ್ಯಾಖ್ಯಾನವನ್ನು ಕಡ್ಡಾಯಮಾಡಲಿಲ್ಲ. ಸ್ಥಳೀಯ ಸಭೆಯ ಹಕ್ಕು, ಹಿರಿಯರ ಮಂಡಲಿಯ ಹಕ್ಕು, ಬಿಷಪ್ಪರ ಮೇಲ್ವಿಚಾರಣೆ ಮೂರಕ್ಕೂ ಜಾಗ ಸಿಕ್ಕಿತು. ಇಂದು ಬೆಂಗಳೂರಿನ ಸಭೆಯೊಂದರಲ್ಲಿ ಪಾಸ್ಟರೇಟ್ ಕಮಿಟಿಗೆ (ಸ್ಥಳೀಯ ಸಭೆಯ ಆಡಳಿತ ಸಮಿತಿಗೆ) ಚುನಾವಣೆ ನಡೆಯುವುದು, ಮೇಲೆ ಸಭಾಪ್ರಾಂತದ, ಅಂದರೆ ಒಬ್ಬ ಬಿಷಪ್ಪರ ಕ್ಷೇತ್ರದ, ಕೌನ್ಸಿಲ್, ಅದರ ಮೇಲೆ ಇಡೀ ಸಭೆಯ ಆಡಳಿತ ಮಂಡಲಿಯಾದ ಸಿನೊಡ್ ಇರುವುದು, ಈ ಎಲ್ಲದರ ನಡುವೆ ಬಿಷಪ್ ಇರುವುದು ಆ ಹೊಂದಾಣಿಕೆಯ ನೇರ ಫಲ.

ಇಂಗ್ಲೆಂಡಿನಲ್ಲಿ ಇದಕ್ಕೆ ಬಲವಾದ ವಿರೋಧ ಬಂತು. ಕವಿ ಟಿ. ಎಸ್. ಎಲಿಯಟ್ ಅವರು 1943ರಲ್ಲಿ ಈ ಯೋಜನೆಯ ವಿರುದ್ಧ ಕಿರುಹೊತ್ತಗೆಯೊಂದನ್ನೇ ಬರೆದರು. ದೂರದಲ್ಲಿದ್ದವರಿಗೆ ಕಂಡದ್ದು ಸಿದ್ಧಾಂತದ ಸಡಿಲಿಕೆ. ಇಲ್ಲಿದ್ದವರಿಗೆ ಕಂಡದ್ದು ಒಟ್ಟಿಗೆ ಬದುಕಬೇಕಾದ ಜನ. 1943ರಲ್ಲಿ ಮೆಥಡಿಸ್ಟರು, 1945ರ ಜನವರಿಯಲ್ಲಿ ಆಂಗ್ಲಿಕನ್ ಮಹಾಸಭೆ, 1946ರಲ್ಲಿ ಸಂಯುಕ್ತ ಸಭೆ ಒಪ್ಪಿಗೆ ಕೊಟ್ಟವು. ಆ ಜನವರಿಯ ಮೊದಲ ದಿನವೇ ಅಜರಯ್ಯನವರು ತೀರಿಕೊಂಡಿದ್ದರು. ತಮ್ಮ ಜೀವಮಾನದ ಕೆಲಸಕ್ಕೆ ತಮ್ಮದೇ ಸಭೆ ಒಪ್ಪಿಗೆಯ ಮುದ್ರೆ ಒತ್ತಿದ್ದನ್ನು ಅವರು ನೋಡಲಿಲ್ಲ.

ದೇಶ ಸ್ವತಂತ್ರವಾದ ಆರು ವಾರಗಳಲ್ಲಿ, 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ (ಬಿಷಪ್ಪರ ಪೀಠವಿರುವ ಚರ್ಚಿನಲ್ಲಿ) ದಕ್ಷಿಣ ಭಾರತ ಸಭೆ ಉದಯವಾಯಿತು. ಸುಮಾರು 10 ಲಕ್ಷ ಸದಸ್ಯರಿದ್ದ ಈ ಸಭೆಯಲ್ಲಿ 14 ಸಭಾಪ್ರಾಂತಗಳಿದ್ದವು. ಮೈಸೂರು ಸಭಾಪ್ರಾಂತಕ್ಕೆ ಪಿ. ಗುರುಶಾಂತ ಅವರು ಮೊದಲ ಬಿಷಪ್ಪರಾದರು, ಅವರ ನಂತರ 1951ರಲ್ಲಿ ನಾರ್ಮನ್ ಸಾರ್ಜೆಂಟ್ ಬಂದರು. 1970ರಲ್ಲಿ ಈ ಪ್ರಾಂತವು ಬೆಂಗಳೂರು, ಧಾರವಾಡ ಮತ್ತು ಮಂಗಳೂರು ಕೇಂದ್ರಗಳಾಗಿ ಕರ್ನಾಟಕ ಮಧ್ಯ, ಉತ್ತರ ಮತ್ತು ದಕ್ಷಿಣ ಸಭಾಪ್ರಾಂತಗಳಾಗಿ ವಿಂಗಡಣೆಗೊಂಡಿತು. ಒಂದು ಕಾಲಕ್ಕೆ ದಂಡಿನ ಬ್ರಿಟಿಷರದಾಗಿದ್ದ ಸೇಂಟ್ ಮಾರ್ಕ್ಸ್, ಪೇಟೆಯ ಕನ್ನಡ ಸಭೆಗಳು ಕೂಡ ಸೇರಿರುವ ಮಧ್ಯ ಪ್ರಾಂತದ ಕೆಥೆಡ್ರಲ್ ಆಯಿತು.

ಒಂದಾದ ಮೇಲೆ ಏನಾಯಿತು ಎಂಬುದು ಆರಾಧನೆಯಲ್ಲಿ ಚೆನ್ನಾಗಿ ಕಾಣುತ್ತದೆ. ಯಾರ ಕ್ರಮವನ್ನು ಅನುಸರಿಸುವುದು ಎಂಬ ಪ್ರಶ್ನೆಗೆ ಸಿನೊಡ್ ಹೊಸ ಕ್ರಮವೊಂದನ್ನು ರಚಿಸಿ ಉತ್ತರಿಸಿತು. 1950ರಲ್ಲಿ ಪ್ರಭುಭೋಜನದ ಆ ಕ್ರಮ ಬಳಕೆಗೆ ಬಂತು. ಸಭಾಪಾಲಕರು ಜನರಿಗೆ ಬೆನ್ನು ಹಾಕದೆ ಮೇಜಿನ ಹಿಂದೆ ನಿಂತು ಅವರತ್ತ ಮುಖ ಮಾಡುತ್ತಾರೆ. ಕೇರಳದ ಸಿರಿಯನ್ ಕ್ರೈಸ್ತರ ಪದ್ಧತಿಯಿಂದ ಬಂದ ಸಮಾಧಾನದ ವಂದನೆ ಕೈಯಿಂದ ಕೈಗೆ ಸಾಗಿ ಇಡೀ ಸಭೆಯನ್ನು ಮುಟ್ಟುತ್ತದೆ. ಮುಂದಿನ ದಶಕಗಳಲ್ಲಿ ಬೇರೆ ದೇಶಗಳ ಸಭೆಗಳು ತಮ್ಮ ಆರಾಧನೆಯನ್ನು ತಿದ್ದಿಕೊಳ್ಳುವಾಗ ಇದರಿಂದ ಕಲಿತವು.

ಧ್ಯೇಯದ ಅರ್ಥವೂ ನಿಂತಲ್ಲೇ ನಿಲ್ಲಲಿಲ್ಲ. ಮಿಷನ್ ಕಾಲದ ಶಾಲೆ ಮತ್ತು ಆಸ್ಪತ್ರೆಗಳು, 1906ರ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಂಥವು, ಮುಂದುವರಿದವು. ಆದರೆ ಸ್ವತಂತ್ರ ಭಾರತದಲ್ಲಿ ಕ್ರೈಸ್ತ ಸಭೆ ನೆರೆಯ ಧರ್ಮಗಳೊಂದಿಗೆ ಹೇಗೆ ನಡೆದುಕೊಳ್ಳಬೇಕು ಎಂಬ ಪ್ರಶ್ನೆ ಹೊಸದಾಗಿ ಎದ್ದಿತು. ಪಿ. ಡಿ. ದೇವನಂದನ್ ಅವರು ಬೆಂಗಳೂರಿನಲ್ಲಿ 1957ರಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ ಕ್ರೈಸ್ತ ಸಂಸ್ಥೆಯೊಂದನ್ನು ಕಟ್ಟಿ, ಹಿಂದೂ ಚಿಂತಕರೊಂದಿಗೆ ಕೂತು ಮಾತನಾಡುವುದನ್ನೂ ರಾಷ್ಟ್ರ ಕಟ್ಟುವ ಕೆಲಸದಲ್ಲಿ ಪಾಲ್ಗೊಳ್ಳುವುದನ್ನೂ ಸಭೆಯ ಸಾಕ್ಷಿಯ ಭಾಗವೆಂದು ವಾದಿಸಿದರು. ನಗರದ ಸಭೆಗಳ ಮೌಲ್ಯಗಳಲ್ಲಿ ಇಂದು ಸೌಹಾರ್ದ, ನ್ಯಾಯ ಎಂಬ ಮಾತುಗಳು ಸಹಜವಾಗಿ ಬರುತ್ತಿದ್ದರೆ ಅದಕ್ಕೆ ಈ ಚಿಂತನೆಯ ಋಣ ದೊಡ್ಡದು.

ಬಿಷಪ್ಪರ ಪರಂಪರೆಯ ವಿಷಯದಲ್ಲಿ ಕಾದು ನೋಡಿದ ಸಭೆ ಸ್ತ್ರೀಯರ ವಿಷಯದಲ್ಲಿಯೂ ಬಹಳ ಕಾಯಿಸಿತು, ಅದು ಮೆಚ್ಚುವ ಸಂಗತಿಯಲ್ಲ. ಸಭೆಯ ನಿತ್ಯದ ಕೆಲಸವನ್ನು ಸ್ತ್ರೀಯರ ಅನ್ಯೋನ್ಯ ಸಂಘಗಳು ಮೊದಲಿನಿಂದಲೂ ಹೊತ್ತುಕೊಂಡಿದ್ದರೂ ಮೊದಲ ಸಭಾಪಾಲಕಿಗೆ ದೀಕ್ಷೆಯಾದದ್ದು 1976ರಲ್ಲಿ. 2013ರ ಸೆಪ್ಟೆಂಬರ್ 30ರಂದು ಇ. ಪುಷ್ಪಲಲಿತಾ ಅವರು ನಂದ್ಯಾಲದಲ್ಲಿ ಮೊದಲ ಮಹಿಳಾ ಬಿಷಪ್ಪರಾದರು. 1947ರಲ್ಲಿ ಬಿಷಪ್ಪರ ಪರಂಪರೆಯ ಶುದ್ಧತೆಯ ಕಾರಣಕ್ಕೆ ಐಕ್ಯದ ಹೊರಗೆ ಉಳಿದ ಆಂಗ್ಲಿಕನ್ನರಲ್ಲಿ ದೊಡ್ಡ ಗುಂಪು ಇದೇ ನಂದ್ಯಾಲದ್ದು.

ಪಂಗಡಗಳ ಗೋಡೆ ಬಿದ್ದರೂ ಬೇರೆ ಗೋಡೆಗಳು ತಾವಾಗಿ ಬೀಳಲಿಲ್ಲ. ಬೆಂಗಳೂರಿನಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಂ, ಇಂಗ್ಲಿಷ್ ಆರಾಧನೆಗಳು ತಂತಮ್ಮ ಹೊತ್ತಿನಲ್ಲಿ ನಡೆಯುತ್ತವೆ. ತಾಯ್ನುಡಿಯಲ್ಲಿ ಪ್ರಾರ್ಥಿಸುವುದು ಪ್ರತಿಯೊಬ್ಬರ ಹಕ್ಕು, ಆದರೆ ಭಾಷೆಯ ಗುಂಪು ಸಭೆಯ ಚುನಾವಣೆಯ ಗುಂಪಾದಾಗ 1919ರ ತರಂಗಂಬಾಡಿಯ ಮಾತು ನೆನಪಾಗಬೇಕು. ಸದಸ್ಯರಲ್ಲಿ ಬಹುಸಂಖ್ಯಾತರಾದ ದಲಿತ ಕ್ರೈಸ್ತರು ಸಭೆಯ ಒಳಗೇ ಸಮಾನತೆಗಾಗಿ ಇಂದಿಗೂ ದನಿ ಎತ್ತಬೇಕಾಗಿದೆ. ಆಸ್ತಿಯ ವ್ಯಾಜ್ಯಗಳು ನ್ಯಾಯಾಲಯದವರೆಗೆ ಹೋಗಿವೆ. ಅಮೆರಿಕದ ಮೆಥಡಿಸ್ಟ್ ಮಿಷನ್ನಿನಿಂದ ಬೆಳೆದ ಸಭೆ 1947ರ ಐಕ್ಯದಲ್ಲಿ ಇರಲಿಲ್ಲ. ಉತ್ತರ ಭಾರತ ಸಭೆ 1970ರ ನವೆಂಬರಿನಲ್ಲಿ ನಾಗಪುರದಲ್ಲಿ ಆರಂಭವಾಗುವ ಕೆಲವೇ ತಿಂಗಳ ಮುಂಚೆ ಅದು ಆ ಯೋಜನೆಯಿಂದಲೂ ಹಿಂದೆ ಸರಿಯಿತು. ಹಾಗಾಗಿ ರಿಚ್ಮಂಡ್ ಟೌನಿನ ಮೆಥಡಿಸ್ಟರೂ ಹಡ್ಸನ್ ವೃತ್ತದ ಹಳೆಯ ವೆಸ್ಲಿಯನ್ನರೂ ಜಾನ್ ವೆಸ್ಲಿಯ ಒಂದೇ ಪರಂಪರೆಯವರಾಗಿದ್ದರೂ ಈ ನಗರದಲ್ಲಿ ಇನ್ನೂ ಎರಡು ಸಭೆಗಳಿಗೆ ಸೇರಿದವರು.