ಕೊಳವೆಬಾವಿಯ ಮೇಲೊಂದು ಸುಳ್ಳು ದೂರು

ಪಾವಗಡ, ಬಾಗೇಪಲ್ಲಿ ಕಡೆ ಹಲ್ಲಿಗೆ ಏನೇ ಆದರೂ ಉತ್ತರ ಸಿದ್ಧವಿರುತ್ತದೆ: ‘ನಮ್ಮೂರ ನೀರೇ ಸರಿಯಿಲ್ಲ.’ ಹದಿನೇಳರ ಹುಡುಗಿಯ ಬಾಚಿಹಲ್ಲು ಅಲುಗಿದರೂ ಕೊಳವೆಬಾವಿ ನೀರಿನಲ್ಲಿರುವ ಫ್ಲೋರೈಡ್ ಲವಣ, ಅವಳ ಅಣ್ಣನ ದವಡೆ ಹಲ್ಲು ಇಪ್ಪತ್ತಕ್ಕೇ ಬಿದ್ದುಹೋದರೂ ಫ್ಲೋರೈಡ್. ಈ ಸೀಮೆಯಲ್ಲಿ ಫ್ಲೋರೈಡ್ ಮಾಡಿರುವ ಅನಾಹುತ ಕಡಿಮೆಯದಲ್ಲ. ಹಾಗೆಂದು ಅದು ಮಾಡದ್ದನ್ನೂ ಅದರ ತಲೆಗೆ ಕಟ್ಟಿದರೆ ನಿಜವಾದ ರೋಗ, ಅಂದರೆ ಹಲ್ಲು ಹಿಡಿದಿರುವ ಮೂಳೆಯನ್ನು ಹದಿಹರೆಯದಲ್ಲೇ ಕರಗಿಸುವ ವಸಡು ರೋಗ, ಸದ್ದಿಲ್ಲದೆ ಬೆಳೆಯುತ್ತದೆ.

ಹಲ್ಲು ವಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಫ್ಲೋರೈಡ್ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ಲನ್ನು ಕೆಡಿಸುತ್ತದೆ. ಬಿಳಿ ಮಚ್ಚೆ, ಮುಂದೆ ಕಂದು ಕಲೆ. ಹಲ್ಲನ್ನು ಹಿಡಿದಿರುವ ಮೂಳೆಯನ್ನು ಅದು ಕರಗಿಸುವುದಿಲ್ಲ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ 1901ರಲ್ಲಿ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ, ಈ ಕಲೆ ಅಲ್ಲೇ ಬೆಳೆದವರಲ್ಲಿದೆ, ದೊಡ್ಡವರಾದ ಮೇಲೆ ಬಂದು ನೆಲೆಸಿದವರಲ್ಲಿಲ್ಲ ಎಂಬುದನ್ನು ಗಮನಿಸಿದರು. ನೀರಿನಲ್ಲಿರುವ ಫ್ಲೋರೈಡೇ ಕಾರಣವೆಂದು ಗೊತ್ತಾಗಲು 1931ರವರೆಗೆ ಕಾಯಬೇಕಾಯಿತು. ನಮ್ಮಲ್ಲಿ 1937ರಲ್ಲಿ ನೆಲ್ಲೂರು ಭಾಗದಿಂದ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಬರುವ ಕಾಯಿಲೆ, ವರದಿಯಾಯಿತು.

ಮೆಕೇ ತರ್ಕವನ್ನು ಅಲುಗುವ ಹಲ್ಲಿಗೂ ಹಚ್ಚಿ ನೋಡಬಹುದು. ಒಂದೇ ಕೊಳವೆಬಾವಿಯ ನೀರು ಕುಡಿಯುವ ಪಕ್ಕದ ಮನೆಯ ಮಕ್ಕಳ ಹಲ್ಲು ಗಟ್ಟಿಯಾಗಿವೆ. ಬೆಂಗಳೂರಿನಲ್ಲಿ ಕಾವೇರಿ ನೀರು ಕುಡಿದು ಬೆಳೆದ ಚಿಕ್ಕಪ್ಪನ ಮಗನ ಹಲ್ಲು ಅಲುಗುತ್ತಿವೆ ಎಂದರೆ ನೀರನ್ನು ಬಿಟ್ಟು ವಂಶವನ್ನು ವಿಚಾರಿಸಬೇಕು.

ಹದಿಹರೆಯದಲ್ಲೇ ಬರುವ ಈ ವಸಡು ರೋಗಕ್ಕೆ ವಿಚಿತ್ರವಾದ ಆಯ್ಕೆಯಿದೆ. ಆರನೇ ವರ್ಷದ ಸುಮಾರಿಗೆ ಹುಟ್ಟುವ ಮೊದಲ ಶಾಶ್ವತ ದವಡೆ ಹಲ್ಲುಗಳು ಮತ್ತು ಬಾಚಿಹಲ್ಲುಗಳು ಅದರ ಗುರಿ, ಅದೂ ಎಡ ಬಲ ಹೆಚ್ಚುಕಡಿಮೆ ಸಮನಾಗಿ. ಎಕ್ಸ್-ರೇಯಲ್ಲಿ ದವಡೆ ಹಲ್ಲಿನ ಸುತ್ತಲಿನ ಮೂಳೆ ಕಮಾನಿನಂತೆ ಇಳಿದಿರುತ್ತದೆ. ಹೊರಗೆ ನೋಡಿದರೆ ಪಾಚಿ ಹೆಚ್ಚಿಲ್ಲ, ವಸಡು ಕೆಂಪಾಗಿಯೂ ಇಲ್ಲ. ‘ಸರಿಯಾಗಿ ಹಲ್ಲುಜ್ಜಿಲ್ಲ’ ಎಂದು ಇಂಥ ಮಕ್ಕಳನ್ನು ಬೈಯುವುದು ಶುದ್ಧ ಅನ್ಯಾಯ.

ಮುಖ್ಯ ಆರೋಪಿಯ ಹೆಸರು ಅಗ್ರಿಗೇಟಿಬ್ಯಾಕ್ಟರ್ ಆಕ್ಟಿನೋಮೈಸೆಟೆಮ್‌ಕಾಮಿಟನ್ಸ್ (ಒಂದೇ ಉಸಿರಿಗೆ ಹೇಳಿದವರಿಗೆ ನಮಸ್ಕಾರ). 1912ರಲ್ಲೇ ಪತ್ತೆಯಾದ ಬ್ಯಾಕ್ಟೀರಿಯಾ ಇದು. ಮನೆ ನಾಯಿಗೆ ಮೊದಲು ವಿಷ ಹಾಕಿ ಆಮೇಲೆ ಒಳನುಗ್ಗುವ ಕಳ್ಳನ ವರಸೆ ಇದರದು: ಲ್ಯೂಕೋಟಾಕ್ಸಿನ್ ಎಂಬ ವಿಷದಿಂದ, ಕಾವಲಿಗೆ ಬರುವ ಬಿಳಿ ರಕ್ತಕಣಗಳನ್ನೇ ಕೊಲ್ಲುತ್ತದೆ. ಸಾಯುವ ಕಣ ತನ್ನೊಳಗಿನ ಕಿಣ್ವಗಳನ್ನು ಚೆಲ್ಲಿ ಸುತ್ತಲಿನ ಅಂಗಾಂಶವನ್ನು ಹಾಳುಮಾಡುತ್ತದೆ. ಮೂಳೆಯನ್ನು ಕರಗಿಸುವುದಂತೂ ಉರಿಯೂತದ ಸಂಕೇತಕ್ಕೆ ಕೆರಳಿದ ನಮ್ಮದೇ ಜೀವಕೋಶಗಳು. ಇದರ ಜೆಪಿ2 ಎಂಬ ತಳಿಯಲ್ಲಿ ವಿಷದ ಜೀನಿನ ಮುಂದಿರುವ 530 ಡಿಎನ್‌ಎ ಅಕ್ಷರಗಳು ಅಳಿಸಿಹೋಗಿವೆ. ಅದರಿಂದ ವಿಷದ ಉತ್ಪಾದನೆ ಹಲವು ಪಟ್ಟು ಏರಿದೆ. ಮೊರಾಕೊದ ಹದಿಹರೆಯದವರಲ್ಲಿ ಈ ತಳಿ ಇದ್ದವರಿಗೆ ರೋಗದ ಅಪಾಯ ಬಹಳ ಹೆಚ್ಚೆಂದು 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಬ್ಯಾಕ್ಟೀರಿಯಾ ಎಂಜಲಿನ ಮೂಲಕ ತಾಯಿ ತಂದೆಯಿಂದ ಮಗುವಿಗೆ ದಾಟಬಹುದು, ಅದಕ್ಕೆ ಸೋಲುವ ಮೈಗುಣ ಜೀನುಗಳಲ್ಲಿ ಬರಬಹುದು. ಹಾಗಾಗಿ ‘ವಂಶದಲ್ಲಿದೆ’ ಎನ್ನುವುದಕ್ಕೆ ಎರಡು ದಾರಿಗಳು. ಇಲ್ಲೂ ವಿಜ್ಞಾನಿಗಳು ಎಡವಿದ್ದುಂಟು. ರೋಗಿಗಳಲ್ಲಿ ಹೆಂಗಸರೇ ಹೆಚ್ಚೆಂದು 1970ರ ದಶಕದಲ್ಲಿ ಎಕ್ಸ್ ವರ್ಣತಂತುವನ್ನು (ಹೆಂಗಸರಲ್ಲಿ ಎರಡು, ಗಂಡಸರಲ್ಲಿ ಒಂದೇ ಇರುವಂಥದ್ದು) ಶಂಕಿಸಿದರು. ಲೆಕ್ಕ ಮತ್ತೆ ಹಾಕಿದಾಗ, ದಂತವೈದ್ಯರ ಬಳಿಗೆ ಹೆಂಗಸರು ಹೆಚ್ಚು ಬರುತ್ತಿದ್ದುದೇ ಆ ಅಂಕಿಗೆ ಕಾರಣವಿರಬೇಕೆಂದು ತೋರಿತು!

ಅಂಗೈ ಅಂಗಾಲು ದಪ್ಪಗಟ್ಟಿ, ನಾಲ್ಕೈದು ವರ್ಷಕ್ಕೇ ಹಾಲುಹಲ್ಲು ಉದುರುವ ಪಾಪಿಯೋನ್–ಲೆಫೆವ್ರ್ ಎಂಬ ಅಪರೂಪದ ಕಾಯಿಲೆಯಿದೆ, 10 ಲಕ್ಷಕ್ಕೆ 1ರಿಂದ 4 ಮಂದಿಗೆ. ಕೆಟ್ಟ ಜೀನಿನ ಎರಡು ಪ್ರತಿಗಳೂ ಸೇರಿದರೆ ಮಾತ್ರ ಇದು ಬರುತ್ತದೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಟ್ಟ ಮದುವೆಯಲ್ಲಿ ಹುಟ್ಟುವ ಮಗುವಿಗೆ ಯಾವುದೇ ಜೀನಿನ ಎರಡೂ ಪ್ರತಿ ಒಬ್ಬರೇ ಪೂರ್ವಜರಿಂದ ಬಂದಿರುವ ಸಂಭವ 8ರಲ್ಲಿ 1. ಅಂಗೈಗೆ ಚರ್ಮದ ವೈದ್ಯರು, ಹಲ್ಲಿಗೆ ದಂತವೈದ್ಯರು ಎಂದು ಬೇರೆ ಬೇರೆ ಕಡೆ ಅಲೆದು ಎರಡಕ್ಕೂ ನಂಟಿದೆಯೇ ಎಂದು ಯಾರೂ ಕೇಳದೇ ಹೋಗಬಹುದು.

ಅಣ್ಣನಿಗೆ ರೋಗವಿದೆಯೆಂದು ತಿಳಿದಾಗಲೇ ತಂಗಿಯನ್ನೂ ತೋರಿಸಬೇಕು. ಮಿಲಿಮೀಟರ್ ಗುರುತಿರುವ ತೆಳುವಾದ ಕಡ್ಡಿಯನ್ನು ವಸಡಿನ ಅಂಚಿಗೆ ಇಳಿಸುತ್ತಾರೆ. ಆರೋಗ್ಯವಂತರಲ್ಲಿ ಅದು 3ರೊಳಗೆ ನಿಲ್ಲುತ್ತದೆ. ಆಳವಾಗಿ ಇಳಿದರೆ ಎಕ್ಸ್-ರೇ, ಬೇರಿನ ಮೇಲ್ಮೈ ಕೆರೆದು ಶುಚಿಮಾಡುವುದು, ಅಗತ್ಯವಿದ್ದರೆ ವೈದ್ಯರು ಬರೆದುಕೊಡುವ ಅಮಾಕ್ಸಿಸಿಲಿನ್ ಮತ್ತು ಮೆಟ್ರೋನಿಡಜೋಲ್ ಎಂಬ ಆ್ಯಂಟಿಬಯಾಟಿಕ್‌ಗಳು. ಶುಚಿಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ಹೆದರಿಸುವ ನೆಂಟರು ಪ್ರತಿ ಮನೆಯಲ್ಲೂ ಇರುತ್ತಾರೆ. ಊತ ಇಳಿದಾಗ, ಮೊದಲೇ ಕರಗಿಹೋಗಿದ್ದ ಮೂಳೆಯ ಕೊರತೆ ಅರಿವಿಗೆ ಬರುತ್ತದೆ, ಅಷ್ಟೇ.